ಚಿನ್ನದ ಮೇಲಿನ ಥಯೋಲ್ ಏಕಪದರ ಕೆಡದಂತೆ ಕಾಯುವುದು, ಕೆಟ್ಟದ್ದನ್ನು ಗುರುತಿಸುವುದು: ಸಮಗ್ರ ಮಾರ್ಗದರ್ಶಿ

ಹೆಕ್ಸಾಡೆಕೇನ್‌ಥಯೋಲ್ ಹೊದಿಸಿದ ಚಿನ್ನದ ತುಣುಕನ್ನು ನೀರಿನಲ್ಲಿ ಅದ್ದಿ ಎತ್ತಿ ನೋಡಿ. (ಥಯೋಲ್ ಎಂದರೆ ಇಂಗಾಲದ ಸರಪಳಿಯ ತುದಿಯಲ್ಲಿ ಗಂಧಕ–ಹೈಡ್ರೋಜನ್ ಜೋಡಿ ಇರುವ ಅಣು; ಗಂಧಕದಿಂದ ಚಿನ್ನವನ್ನು ಹಿಡಿದು ಒಂದೇ ಅಣು ದಪ್ಪದ ಪದರ, ಅಂದರೆ ಏಕಪದರ, ಕಟ್ಟುತ್ತದೆ.) ಕೆಸುವಿನೆಲೆಯ ಮೇಲಿನಂತೆ ನೀರೆಲ್ಲ ಜಾರಿ, ತುಣುಕು ಒಣಗಿಯೇ ಮೇಲೆ ಬರುತ್ತದೆ. ಹನಿಯೊಂದನ್ನಿಟ್ಟು ಸ್ಪರ್ಶಕೋನ, ಅಂದರೆ ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಕೋನ, ಅಳೆದರೆ 110 ಡಿಗ್ರಿ ದಾಟುತ್ತದೆ. ಅದೇ ತುಣುಕನ್ನು ಒಂದು ವಾರ ಮೇಜಿನ ಮೇಲಿಟ್ಟು ಮತ್ತೆ ಅಳೆದರೆ ಸಂಖ್ಯೆ ಹೆಚ್ಚೇನೂ ಬದಲಾಗದೆ ಇರಬಹುದು. ಅಷ್ಟರಲ್ಲಿ ಒಳಗೆ, ಚಿನ್ನವನ್ನು ಹಿಡಿದಿದ್ದ ಗಂಧಕದ ದೊಡ್ಡ ಪಾಲು ಆಮ್ಲಜನಕ ಸೇರಿಸಿಕೊಂಡು ಸಲ್ಫೋನೇಟ್ ಆಗಿ, ಹಿಡಿತ ಬಿಟ್ಟು, ಅಕ್ಕಪಕ್ಕದ ಸರಪಳಿಗಳ ಆಸರೆಯಲ್ಲಷ್ಟೇ ನಿಂತಿರಲು ಸಾಧ್ಯ.

ನನ್ನ ಮೊದಲ ವರ್ಷದ ಸ್ಯಾಂಪಲ್‌ಗಳು ಹೀಗೆಯೇ ಹೋದವು. ಪೆಟ್ರಿ ತಟ್ಟೆಯಲ್ಲಿ ಮುಚ್ಚಿ, ಕಪಾಟಿನ ಮೇಲೆ ಜೋಡಿಸಿಟ್ಟಿದ್ದೆ. ಪಕ್ಕದಲ್ಲೇ ಲೇಸರ್ ಪ್ರಿಂಟರ್ ಇತ್ತು. ಎಕ್ಸ್‌ಪಿಎಸ್ (ಎಕ್ಸ್‌ಕಿರಣ ಬಿಟ್ಟು, ಹೊರಬರುವ ಎಲೆಕ್ಟ್ರಾನ್‌ಗಳಿಂದ ಮೇಲ್ಮೈಯ ಧಾತುಗಳನ್ನೂ ಅವುಗಳ ಸ್ಥಿತಿಯನ್ನೂ ಓದುವ ಯಂತ್ರ) ಸರದಿ ಬರುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. 168 ಎಲೆಕ್ಟ್ರಾನ್‌ವೋಲ್ಟ್ ಬಳಿ ಎದ್ದು ನಿಂತ, ಆಮ್ಲಜನಕ ಸೇರಿಸಿಕೊಂಡ ಗಂಧಕದ ಪೀಕ್ ನೋಡಿ ಥಯೋಲೇ ಕೆಟ್ಟದ್ದೆಂದುಕೊಂಡು ಹೊಸ ಬಾಟಲಿ ತರಿಸಿದೆ. ಕೆಟ್ಟದ್ದು ಥಯೋಲ್ ಅಲ್ಲ, ನಾನು ಇಟ್ಟ ಜಾಗ. ಸ್ಯಾಂಪಲ್ ಎಷ್ಟು ಹೊತ್ತು, ಎಂಥ ಗಾಳಿಯಲ್ಲಿ ಇತ್ತು ಎಂಬುದನ್ನು ಸಾಂದ್ರತೆ, ತಾಪಮಾನಗಳಷ್ಟೇ ಮುಖ್ಯವಾದ ಅಳತೆಯೆಂದು ಎಣಿಸದೆ ಇದ್ದರೆ ಈ ಕೆಲಸದಲ್ಲಿ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ಮೊದಲು ತಿಳಿದಿರಬೇಕಾದದ್ದು

ಗಂಧಕವುಳ್ಳ ಅಣುಗಳು ಚಿನ್ನದ ಮೇಲೆ ತಾವಾಗಿಯೇ ಶಿಸ್ತಾಗಿ ಜೋಡಣೆಗೊಳ್ಳುತ್ತವೆ ಎಂಬುದನ್ನು 1983ರಲ್ಲಿ ರಾಲ್ಫ್ ನುಝೋ ಮತ್ತು ಡೇವಿಡ್ ಅಲ್ಲಾರಾ ಡೈಸಲ್ಫೈಡ್‌ಗಳನ್ನು (ಎರಡು ಗಂಧಕಗಳು ಒಂದಕ್ಕೊಂದು ಕೂಡಿದ ಅಣುಗಳನ್ನು) ಬಳಸಿ ತೋರಿಸಿದರು. ಥಯೋಲ್‌ಗಳು ಆಮೇಲೆ ಬಂದು ಇಡೀ ಕ್ಷೇತ್ರವನ್ನೇ ಆವರಿಸಿಕೊಂಡವು. ಚಿನ್ನದ 111 ಮುಖದ (ಪರಮಾಣುಗಳು ಅತಿ ಒತ್ತಾಗಿ ಜೋಡಣೆಯಾದ ಸ್ಫಟಿಕ ಮುಖದ) ಮೇಲೆ ಗಂಧಕದಿಂದ ಗಂಧಕಕ್ಕೆ ಸುಮಾರು ಅರ್ಧ ನ್ಯಾನೋಮೀಟರ್ ದೂರ. ಸರಪಳಿಗಳು ಲಂಬದಿಂದ ಸುಮಾರು 30 ಡಿಗ್ರಿ ವಾಲಿಕೊಂಡು, ಒಂದಕ್ಕೊಂದು ಆತು ನಿಲ್ಲುತ್ತವೆ. ತುಂಬಿದ ಪದರದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 0.76 ನ್ಯಾನೋಮೋಲ್ ಅಣುಗಳಿರುತ್ತವೆ. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

ಚಿನ್ನ–ಗಂಧಕದ ಬಂಧ ಗಟ್ಟಿಯಾದದ್ದೇ, ಮೋಲಿಗೆ 40ರಿಂದ 50 ಕಿಲೋಕ್ಯಾಲರಿಯಷ್ಟು. ಆದರೆ ಬಂಧ ಗಟ್ಟಿಯಾಗಿದ್ದ ಮಾತ್ರಕ್ಕೆ ಗಂಧಕಕ್ಕೆ ಉತ್ಕರ್ಷಣದಿಂದ ರಕ್ಷಣೆ ಸಿಗುವುದಿಲ್ಲ. ಥಯೋಲೇಟ್ ಆಗಿ, ಅಂದರೆ ಹೈಡ್ರೋಜನ್ ಬಿಟ್ಟು ಚಿನ್ನವನ್ನು ಹಿಡಿದು, ಕೂತ ಗಂಧಕ ಸಲ್ಫೋನೇಟ್ ಆದರೆ ಚಿನ್ನದ ಜೊತೆಗಿನ ನಂಟು ಬಹಳ ಸಡಿಲವಾಗುತ್ತದೆ. ಆಗ ನೀರು ಅಥವಾ ಎಥನಾಲ್‌ನಲ್ಲಿ ತೊಳೆದರೆ ಸಾಕು, ಅಣು ಎದ್ದು ಹೋಗುತ್ತದೆ. ಕೆಲವೊಮ್ಮೆ ಇಂಗಾಲ–ಗಂಧಕದ ಬಂಧವೇ ಮುರಿದು ಸಲ್ಫೇಟ್ ಉಳಿಯುವುದೂ ಉಂಟು.

ಇದನ್ನು ಮಾಡುವವರು ಯಾರು? ಗಾಳಿಯ ಆಮ್ಲಜನಕವೋ ಬೆಳಕೋ ಎಂದು ಬಹುಕಾಲ ಅನುಮಾನಿಸಲಾಗಿತ್ತು. 1998ರಲ್ಲಿ ಮಾರ್ಕ್ ಶೋನ್‌ಫಿಶ್ ಮತ್ತು ಜೀನ್ ಪೆಂಬರ್ಟನ್ ಪ್ರಯೋಗಾಲಯದ ಗಾಳಿಯಲ್ಲಿರುವ ಓಝೋನ್ ಕಡೆಗೆ ಬೆರಳು ತೋರಿಸಿದರು. ಅದೇ ವರ್ಷ ಬೇರೊಂದು ತಂಡದ ಕೆಲಸವೂ, ಅತಿನೇರಳೆ ದೀಪದ ಕೆಳಗೆ ನಡೆಯುವ ಉತ್ಕರ್ಷಣದಲ್ಲಿ ದೀಪ ಹುಟ್ಟಿಸುವ ಓಝೋನ್‌ನದ್ದೇ ದೊಡ್ಡ ಪಾಲೆಂಬ ಕಡೆಗೆ ವಾಲಿತು. ಕತ್ತಲೆಯಲ್ಲಿಟ್ಟ ಮಾತ್ರಕ್ಕೆ ಸ್ಯಾಂಪಲ್ ಉಳಿಯದಿರುವುದು ಇದೇ ಕಾರಣಕ್ಕೆ. ಗಾಳಿಯಲ್ಲಿ ನೂರು ಕೋಟಿಗೆ ಕೆಲವೇ ಹತ್ತು ಭಾಗದಷ್ಟು ಓಝೋನ್ ಇದ್ದರೂ ಒಂದೇ ಅಣು ದಪ್ಪದ ಪದರಕ್ಕೆ ಅದು ದಂಡಿಯಾಗಿ ಸಾಕು.

ಹೆಜ್ಜೆ 1: ಚಿನ್ನದ ತಯಾರಿ

ಉತ್ಕರ್ಷಣ ಶುರುವಾಗುವುದು ಪದರದ ದೋಷಗಳಲ್ಲಿ, ಅಂದರೆ ಚಿನ್ನದ ಕಣಗಳು ಕೂಡುವ ಅಂಚು, ಪರಮಾಣು ಮೆಟ್ಟಿಲುಗಳ ತುದಿ, ಕೊಳೆ ಕೂತ ಜಾಗಗಳಲ್ಲಿ. ಕಣಗಳು ಚಿಕ್ಕದಾಗಿ ಒರಟಾದ ಚಿನ್ನದ ಮೇಲಿನ ಪದರ ನುಣುಪಾದ 111 ಮುಖದ ಮೇಲಿನದ್ದಕ್ಕಿಂತ ಬೇಗ ಕೆಡುತ್ತದೆ. ಆದ್ದರಿಂದ ಸ್ಥಿರತೆಯ ಲೆಕ್ಕ ಇಲ್ಲಿಂದಲೇ ಶುರು.

ಸಾಮಾನ್ಯ ಕೆಲಸಕ್ಕೆ ಸಿಲಿಕಾನ್ ಮೇಲೆ ಸುಮಾರು 5 ನ್ಯಾನೋಮೀಟರ್ ಟೈಟಾನಿಯಂ ಅಥವಾ ಕ್ರೋಮಿಯಂ, ಅದರ ಮೇಲೆ 100 ನ್ಯಾನೋಮೀಟರ್ ಚಿನ್ನ ಸಾಕು. ಸ್ಥಿರತೆಯೇ ನಿಮ್ಮ ಪ್ರಶ್ನೆಯಾಗಿದ್ದರೆ ಅಭ್ರಕದ ಮೇಲೆ ಬೆಳೆಸಿದ ಚಿನ್ನವನ್ನೋ ಅಚ್ಚಿನಿಂದ ಕಳಚಿ ತೆಗೆದ ನುಣುಪು ಚಿನ್ನವನ್ನೋ ಬಳಸಿ.

ಹೊಸದಾಗಿ ಲೇಪಿಸಿದ ಚಿನ್ನ ಅತ್ಯುತ್ತಮ. ಲೇಪನದ ಯಂತ್ರದಿಂದ ತೆಗೆದ ಕೂಡಲೇ ದ್ರಾವಣಕ್ಕೆ ಇಳಿಸಿಬಿಡಿ. ಶುದ್ಧ ಚಿನ್ನದ ಮೇಲೆ ನೀರು ಹರಡಿಕೊಳ್ಳುತ್ತದೆ. ಗಾಳಿಯ ಸಾವಯವ ಕೊಳೆ ಕೂರುತ್ತಿದ್ದಂತೆ ಸ್ಪರ್ಶಕೋನ ಬೇಗಬೇಗ ಏರಿ 60–80 ಡಿಗ್ರಿಗೆ ಬರುತ್ತದೆ. ಹಳೆಯ ಚಿನ್ನವಾದರೆ ಅತಿನೇರಳೆ–ಓಝೋನ್ ಯಂತ್ರದಲ್ಲಿ 15–20 ನಿಮಿಷ ಇಟ್ಟು ಶುಚಿ ಮಾಡಿ. ಆಮೇಲಿನ ಕೆಲಸವನ್ನು ಮಾತ್ರ ತಪ್ಪಿಸಬೇಡಿ: ಆ ಯಂತ್ರ ಚಿನ್ನದ ಮೇಲೆ ತೆಳ್ಳಗೆ ಚಿನ್ನದ ಆಕ್ಸೈಡ್ ಬಿಟ್ಟಿರುತ್ತದೆ. ಅದರ ಮೇಲೆಯೇ ಥಯೋಲ್ ಹಾಕಿದರೆ ಆಕ್ಸೈಡ್ ಪದರದ ಕೆಳಗೆ ಸಿಕ್ಕಿಕೊಳ್ಳುತ್ತದೆ, ಒಂದಷ್ಟು ಥಯೋಲ್ ಆಗಲೇ ಉತ್ಕರ್ಷಣಗೊಳ್ಳುತ್ತದೆ. ಶುದ್ಧ ಎಥನಾಲ್‌ನಲ್ಲಿ 20 ನಿಮಿಷ ಬಿಟ್ಟರೆ ಎಥನಾಲ್ ಆ ಆಕ್ಸೈಡನ್ನು ಅಪಕರ್ಷಿಸುತ್ತದೆ.

ಪಿರಾನ್ಹಾ ದ್ರಾವಣದ ಬಗ್ಗೆ ಒಂದು ಮಾತು. ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದ ಇದು ಸಾವಯವ ದ್ರಾವಕದ ಜೊತೆ ಸೇರಿದರೆ ಸ್ಫೋಟಿಸುತ್ತದೆ. ಎಥನಾಲ್ ಬಾಟಲಿಗಳೇ ತುಂಬಿರುವ ಥಯೋಲ್ ಮೇಜಿನ ಮೇಲೆ ಅದಕ್ಕೆ ಜಾಗವಿಲ್ಲ. ಅತಿನೇರಳೆ ಯಂತ್ರ ಇರುವಾಗ ಅದನ್ನು ಮುಟ್ಟಲೇಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹೆಜ್ಜೆ 2: ದ್ರಾವಣ

1 ಮಿಲಿಮೋಲಾರ್ ಥಯೋಲ್, ಶುದ್ಧ ಎಥನಾಲ್‌ನಲ್ಲಿ. ಹೆಕ್ಸಾಡೆಕೇನ್‌ಥಯೋಲ್‌ನ ಅಣುತೂಕ 258.5, 100 ಮಿಲಿಲೀಟರಿಗೆ ಸುಮಾರು 26 ಮಿಲಿಗ್ರಾಂ. ಥಯೋಲ್ ಸೇರಿಸುವ ಮೊದಲು ಎಥನಾಲ್‌ಗೆ 15–20 ನಿಮಿಷ ಆರ್ಗಾನ್ ಅಥವಾ ನೈಟ್ರೋಜನ್ ಹಾಯಿಸಿ ಕರಗಿದ ಆಮ್ಲಜನಕವನ್ನು ಓಡಿಸಿ. ಹೀಗೆ ಮಾಡದಿದ್ದರೆ ದಿನ ಕಳೆದಂತೆ ಎರಡು ಥಯೋಲ್‌ಗಳು ಕೂಡಿ ಡೈಸಲ್ಫೈಡ್ ಆಗುತ್ತವೆ. ಡೈಸಲ್ಫೈಡ್ ಕೂಡ ಚಿನ್ನದ ಮೇಲೆ ಪದರ ಕಟ್ಟುವುದು ನಿಜ, ಆದರೆ ಅದು ಎಥನಾಲ್‌ನಲ್ಲಿ ಕಡಿಮೆ ಕರಗುತ್ತದೆ. ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂತಿದ್ದರೆ ಅದು ಬಹುಮಟ್ಟಿಗೆ ಇದೇ. ಪದರದ ಮೇಲೂ ಹಾಗೆಯೇ ಕೂತು ದಪ್ಪದ ಅಳತೆಯನ್ನು ಹಾಳು ಮಾಡುತ್ತದೆ. ದ್ರಾವಣವನ್ನು ಆಯಾ ವಾರಕ್ಕೆ ಹೊಸದಾಗಿ ಮಾಡಿಕೊಳ್ಳಿ.

ಸರಪಳಿ ಎಷ್ಟು ಉದ್ದವಿರಬೇಕು ಎಂಬ ಆಯ್ಕೆ ನಿಮ್ಮ ಕೈಯಲ್ಲಿದ್ದರೆ 16 ಅಥವಾ 18 ಇಂಗಾಲದ್ದನ್ನೇ ಆರಿಸಿ. ಉದ್ದ ಸರಪಳಿಗಳು ಒತ್ತಾಗಿ ನಿಂತು ಗಂಧಕದವರೆಗೆ ದಾರಿ ಬಿಡುವುದಿಲ್ಲ. 6 ಇಂಗಾಲಕ್ಕಿಂತ ಚಿಕ್ಕವು ದ್ರವದಂತೆ ಅಸ್ತವ್ಯಸ್ತ, ಬಹಳ ಬೇಗ ಉತ್ಕರ್ಷಣಕ್ಕೆ ತುತ್ತಾಗುತ್ತವೆ. ಜೈವಿಕ ಸಂವೇದಕಗಳಲ್ಲಿ 6 ಇಂಗಾಲದ ಮರ್ಕ್ಯಾಪ್ಟೋಹೆಕ್ಸನಾಲ್ ಹಲವೊಮ್ಮೆ ಅನಿವಾರ್ಯ. ಅಲ್ಲಿ ಕೆಳಗೆ ಹೇಳುವ ಎಲ್ಲ ಎಚ್ಚರಿಕೆಯನ್ನೂ ಎರಡು ಪಟ್ಟು ಬಿಗಿ ಮಾಡಿ.

ಹೆಜ್ಜೆ 3: ಅದ್ದುವುದು ಮತ್ತು ತೊಳೆಯುವುದು

ಕೆಲವೇ ನಿಮಿಷಗಳಲ್ಲಿ ಮೇಲ್ಮೈಯ ಹೆಚ್ಚಿನ ಭಾಗ ತುಂಬುತ್ತದೆ. ಆದರೆ ಸರಪಳಿಗಳು ಸರಿಯಾಗಿ ನಿಲ್ಲಲು, ದೋಷಗಳು ಮುಚ್ಚಿಕೊಳ್ಳಲು ಗಂಟೆಗಳು ಬೇಕು. 18ರಿಂದ 24 ಗಂಟೆ ಕೊಡಿ. ಮುಚ್ಚಳ ಬಿಗಿಯಾಗಿರಲಿ, ಬಾಟಲಿ ಕತ್ತಲಲ್ಲಿರಲಿ, ಮೇಲಿನ ಖಾಲಿ ಜಾಗದಲ್ಲಿ ಜಡ ಅನಿಲವಿರಲಿ.

ಹೊರತೆಗೆದ ಮೇಲೆ ಎಥನಾಲ್ ಧಾರೆಯಲ್ಲಿ ಎರಡೂ ಬದಿ ಚೆನ್ನಾಗಿ ತೊಳೆಯಿರಿ. ಇಕ್ಕಳ ಹಿಡಿದ ಮೂಲೆಯನ್ನು ಮರೆಯಬೇಡಿ, ಥಯೋಲ್ ಅಲ್ಲೇ ಅಡಗಿ ಕೂರುತ್ತದೆ. ಹೊಸ ಎಥನಾಲ್‌ನಲ್ಲಿ ಒಂದು ನಿಮಿಷ ಮುಳುಗಿಸಿಟ್ಟು ನೈಟ್ರೋಜನ್ ಊದಿ ಒಣಗಿಸಿ. ಈ ಕ್ಷಣದ ವೇಳೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇದು ಸ್ಯಾಂಪಲ್‌ನ ಸೊನ್ನೆಯ ಗಳಿಗೆ. ಇಲ್ಲಿಂದ ಮುಂದೆ ಗಾಳಿಯಲ್ಲಿ ಕಳೆದ ಪ್ರತಿ ಗಂಟೆಯೂ ಲೆಕ್ಕಕ್ಕೆ.

ಹೆಜ್ಜೆ 4: ಇಡುವುದು ಎಲ್ಲಿ, ಹೇಗೆ

ಸಾಧ್ಯವಾದರೆ ಇಡಲೇಬೇಡಿ. ಅಳತೆಯ ಸರದಿ ನಾಳೆಯಿದ್ದರೆ ಇಂದು ತೆಗೆಯುವುದೇಕೆ? ಆಮ್ಲಜನಕ ತೆಗೆದ ದ್ರಾವಣದಲ್ಲೇ ಬಿಡಿ, ಅಳತೆಗೆ ಅರ್ಧ ಗಂಟೆ ಮೊದಲು ತೊಳೆಯಿರಿ. ಇಡಲೇಬೇಕೆಂದಾದರೆ ಜಡ ಅನಿಲದ ಗ್ಲವ್‌ಬಾಕ್ಸ್ ಮೊದಲ ಆಯ್ಕೆ. ಅದಿಲ್ಲದಿದ್ದರೆ ತಿರುಪು ಮುಚ್ಚಳದ ಗಾಜಿನ ಸೀಸೆಯೊಳಗೆ ಆರ್ಗಾನ್ ತುಂಬಿಸಿ, ಅಲ್ಯೂಮಿನಿಯಂ ಹಾಳೆ ಸುತ್ತಿ. ಸೀಸೆಯನ್ನು ಇನ್ನೊಂದು ಡಬ್ಬಿಯಲ್ಲಿಟ್ಟು ಆ ಡಬ್ಬಿಯಲ್ಲಿ ಸಕ್ರಿಯ ಇದ್ದಿಲು ಹಾಕಿಟ್ಟರೆ ಒಳನುಸುಳುವ ಓಝೋನನ್ನು ಅದು ಹೀರುತ್ತದೆ. ಇದ್ದಿಲಿನ ಪುಡಿ ಮಾತ್ರ ಸ್ಯಾಂಪಲ್‌ಗೆ ತಾಗಬಾರದು. ತಣ್ಣಗಿಟ್ಟರೆ ಉತ್ಕರ್ಷಣ ನಿಧಾನವಾಗುತ್ತದೆ, ಆದರೆ ಫ್ರಿಜ್ಜಿನಿಂದ ತೆಗೆದ ಸೀಸೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬಾರದು. ಅವಸರಪಟ್ಟರೆ ತೇವ ಕೂರುತ್ತದೆ.

ಪೆಟ್ರಿ ತಟ್ಟೆಯ ಮುಚ್ಚಳ ದೂಳನ್ನು ತಡೆಯುತ್ತದೆ, ಗಾಳಿಯನ್ನಲ್ಲ. ಅಂಟು ಜೆಲ್ ಇರುವ ಡಬ್ಬಿಗಳಿಂದ ಸಿಲಿಕೋನ್ ಎದ್ದು ಬಂದು ಪದರದ ಮೇಲೆ ಕೂರುತ್ತದೆ. ಎಕ್ಸ್‌ಪಿಎಸ್‌ನಲ್ಲಿ 102 ಎಲೆಕ್ಟ್ರಾನ್‌ವೋಲ್ಟ್ ಹತ್ತಿರ ಸಿಲಿಕಾನ್ ಪೀಕ್ ಕಂಡರೆ ಡಬ್ಬಿಯನ್ನು ಅನುಮಾನಿಸಿ. ಕೋಣೆಯಲ್ಲಿ ಓಝೋನ್ ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಸುತ್ತು ಹಾಕಿ ನೋಡಿ: ಲೇಸರ್ ಪ್ರಿಂಟರ್, ನಕಲು ಯಂತ್ರ, ಅತಿನೇರಳೆ ದೀಪ, ಸ್ಥಿರ ವಿದ್ಯುತ್ ತೆಗೆಯುವ ಅಯಾನೈಸರ್, ಹೊರಗಿನ ಬಿಸಿಲಿನ ಗಾಳಿ ಬರುವ ಕಿಟಕಿ. ಸ್ಯಾಂಪಲ್ ಶುಚಿ ಮಾಡುವ ಅತಿನೇರಳೆ–ಓಝೋನ್ ಯಂತ್ರವೂ ಪದರ ಕಟ್ಟುವ ಮೇಜೂ ಒಂದೇ ಕೋಣೆಯಲ್ಲಿದ್ದರೆ ಬೇರೆ ಮಾಡಿ.

ಹೆಜ್ಜೆ 5: ಎಕ್ಸ್‌ಪಿಎಸ್‌ನಲ್ಲಿ ಗಂಧಕವನ್ನು ಓದುವುದು

ಉತ್ಕರ್ಷಣವನ್ನು ನೇರವಾಗಿ ತೋರಿಸುವ ಸಾಧನ ಇದು. ತಪ್ಪು ಓದಲು ಇಲ್ಲಿರುವಷ್ಟು ಅವಕಾಶವೂ ಬೇರೆಲ್ಲಿ ಇಲ್ಲ. ಹಾಗಾಗಿ ಸ್ವಲ್ಪ ನಿಧಾನಿಸೋಣ.

ಮಾಪನವನ್ನು ಚಿನ್ನದ 4ಎಫ್ 7/2 ಪೀಕ್‌ಗೆ, ಅಂದರೆ 84.0 ಎಲೆಕ್ಟ್ರಾನ್‌ವೋಲ್ಟ್‌ಗೆ ಹೊಂದಿಸಿಕೊಳ್ಳಿ. ಗಂಧಕದ 2ಪಿ ಪೀಕ್ ಯಾವಾಗಲೂ ಜೋಡಿ: ನಡುವಿನ ಅಂತರ ಸುಮಾರು 1.2 ಎಲೆಕ್ಟ್ರಾನ್‌ವೋಲ್ಟ್, ವಿಸ್ತೀರ್ಣದ ಅನುಪಾತ 2:1. ಕರ್ವ್ ಹೊಂದಿಸುವಾಗ ಇವೆರಡನ್ನೂ ಕಟ್ಟಿಹಾಕಿ, ಜೋಡಿಯ ಅಗಲವನ್ನೂ ಒಂದೇ ಮಾಡಿ. ಸಾಫ್ಟ್‌ವೇರಿಗೆ ಸ್ವಾತಂತ್ರ್ಯ ಕೊಟ್ಟರೆ ಇಲ್ಲದ ಪ್ರಭೇದಗಳನ್ನೂ ಹುಟ್ಟಿಸುತ್ತದೆ.

ಜೋಡಿಯ ದೊಡ್ಡ ಪೀಕ್ 162.0ರಲ್ಲಿ ಇದ್ದರೆ ಅದು ಚಿನ್ನ ಹಿಡಿದ ಥಯೋಲೇಟ್. 166.5ರಿಂದ 169ರವರೆಗೆ ಬಂದದ್ದು ಉತ್ಕರ್ಷಣಗೊಂಡ ಗಂಧಕ, ಅದರಲ್ಲಿ 168ರ ಸುತ್ತ ಸಲ್ಫೋನೇಟ್. 163.5ರಿಂದ 164ರ ನಡುವಿನದ್ದೇ ತಲೆನೋವು, ಏಕೆಂದರೆ ಅದಕ್ಕೆ ಮೂರು ಕಾರಣಗಳಿರಬಹುದು: ಸರಿಯಾಗಿ ತೊಳೆಯದೆ ಉಳಿದ ಥಯೋಲ್, ಮೇಲೆ ಕೂತ ಡೈಸಲ್ಫೈಡ್, ಇಲ್ಲವೆ ಎಕ್ಸ್‌ಕಿರಣವೇ ಮಾಡಿದ ಹಾನಿ. ಮೂರನೆಯದ್ದನ್ನು ಪತ್ತೆ ಹಚ್ಚುವುದು ಸುಲಭ. ಯಂತ್ರಕ್ಕೆ ಹಾಕಿದ ಕೂಡಲೇ ಮೊದಲು ಗಂಧಕವನ್ನೇ ಅಳೆಯಿರಿ, ಉಳಿದ ಧಾತುಗಳು ಆಮೇಲೆ. ಕೊನೆಯಲ್ಲಿ ಅದೇ ಜಾಗದಲ್ಲಿ ಗಂಧಕವನ್ನು ಮತ್ತೆ ಅಳೆಯಿರಿ. 162 ಕುಗ್ಗಿ 163.5 ಬೆಳೆದಿದ್ದರೆ ಅದು ಕಿರಣದ ಕೆಲಸ. ಏಕವರ್ಣ ಅಲ್ಯೂಮಿನಿಯಂ ಮೂಲ ಬಳಸಿ, ಪ್ರತಿ ಅಳತೆಗೂ ಹೊಸ ಜಾಗ ಆರಿಸಿ. ಚಿನ್ನ ವಾಹಕವಾದ್ದರಿಂದ ವಿದ್ಯುದಂಶ ತಟಸ್ಥಗೊಳಿಸುವ ಎಲೆಕ್ಟ್ರಾನ್ ಗನ್ ಬೇಕಿಲ್ಲ, ಆರಿಸಿಬಿಡಿ. ಎಲೆಕ್ಟ್ರಾನ್‌ಗಳು ಆಲ್ಕೇನ್ ಸರಪಳಿಗಳನ್ನು ಕೆಡಿಸುತ್ತವೆ.

ಇನ್ನು ಎಲ್ಲರೂ ಬೀಳುವ ಹಳ್ಳ. ಅಳತೆಗೆ ಮೊದಲು ಸ್ಯಾಂಪಲ್ ಶುಚಿಯಾಗಿರಲಿ ಎಂದು ಮತ್ತೊಮ್ಮೆ ಎಥನಾಲ್‌ನಲ್ಲಿ ತೊಳೆಯುತ್ತೇವೆ. ಸಲ್ಫೋನೇಟ್ ಅಷ್ಟರಲ್ಲೇ ಹೋಗಿಬಿಡುತ್ತದೆ, 168ರಲ್ಲಿ ಏನೂ ಕಾಣುವುದಿಲ್ಲ, ‘ಉತ್ಕರ್ಷಣ ಇಲ್ಲ’ ಎಂದು ಬರೆದುಕೊಳ್ಳುತ್ತೇವೆ. ತೊಳೆಯುವುದೆಂದರೆ ಸಾಕ್ಷಿಯನ್ನೇ ತೊಳೆದಂತೆ. ನಾನು ಮಾಡುವುದು ಹೀಗೆ: ಹಳೆಯದಾದ ತುಣುಕನ್ನು ಎರಡಾಗಿ ಸೀಳುತ್ತೇನೆ. ಒಂದು ಅರ್ಧವನ್ನು ಇದ್ದ ಹಾಗೆಯೇ ಯಂತ್ರಕ್ಕೆ ಹಾಕುತ್ತೇನೆ. ಇನ್ನೊಂದನ್ನು ನೀರಿನಲ್ಲಿ, ಆಮೇಲೆ ಎಥನಾಲ್‌ನಲ್ಲಿ ತೊಳೆದು ಹಾಕುತ್ತೇನೆ. ಮೊದಲರ್ಧದಲ್ಲಿ 168ರ ಪೀಕ್ ಇದ್ದು, ಎರಡನೆಯದರಲ್ಲಿ ಅದು ಮಾಯವಾಗಿ ಒಟ್ಟು ಗಂಧಕವೂ ಇಂಗಾಲವೂ ಚಿನ್ನಕ್ಕೆ ಹೋಲಿಸಿದರೆ ಇಳಿದಿದ್ದರೆ, ಎಷ್ಟು ಪಾಲು ಕೆಟ್ಟಿತ್ತು ಎಂಬುದು ಎರಡು ಕಡೆಯಿಂದಲೂ ಸಿಗುತ್ತದೆ. ತೊಳೆದ ಅರ್ಧದ ಸ್ಪರ್ಶಕೋನವನ್ನೂ ನೋಡಿ. ತೊಳೆಯುವ ಮೊದಲು ಕುಂದದಿದ್ದ ಕೋನ ಈಗ ಕುಸಿದಿದ್ದರೆ ಪದರದಲ್ಲಿ ತೂತುಗಳಾಗಿವೆ ಎಂದರ್ಥ.

ಟಾಫ್–ಸಿಮ್ಸ್ (ಮೇಲ್ಮೈಯಿಂದ ಅಯಾನುಗಳನ್ನು ಎಬ್ಬಿಸಿ ಅವುಗಳ ತೂಕದಿಂದ ಗುರುತಿಸುವ ಯಂತ್ರ) ಸಿಕ್ಕರೆ ಬಿಡಬೇಡಿ. ಋಣ ಅಯಾನುಗಳಲ್ಲಿ ಡೋಡೆಕೇನ್ ಸಲ್ಫೋನೇಟ್ 249ರಲ್ಲಿ, ಹೆಕ್ಸಾಡೆಕೇನ್ ಸಲ್ಫೋನೇಟ್ 305ರಲ್ಲಿ ಕಾಣಿಸುತ್ತದೆ. ಎಕ್ಸ್‌ಪಿಎಸ್ ಹಿಡಿಯಲಾರದಷ್ಟು ಅಲ್ಪ ಪ್ರಮಾಣವನ್ನೂ ಅದು ಹಿಡಿಯುತ್ತದೆ. ಆದರೆ ಪ್ರಮಾಣ ಎಷ್ಟೆಂಬ ಲೆಕ್ಕಕ್ಕೆ ಅದರ ಪೀಕ್ ಎತ್ತರವನ್ನು ನೇರವಾಗಿ ನಂಬಬೇಡಿ.

ಹೆಜ್ಜೆ 6: ಎಲೆಕ್ಟ್ರೋಡ್ ಮೇಲೆ ಎಣಿಕೆ

ಎಕ್ಸ್‌ಪಿಎಸ್ ಸರದಿಗೆ ಕಾಯಲಾಗದವರಿಗೆ ಇದು ದೊಡ್ಡ ಆಸರೆ. 0.1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಿಂದ 20 ನಿಮಿಷ ಆಮ್ಲಜನಕ ಓಡಿಸಿ, ಬೆಳ್ಳಿ–ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್‌ಗೆ ಹೋಲಿಸಿ, ಅದರಲ್ಲಿ ಅದ್ದಿದ ಪದರವಿರುವ ಚಿನ್ನದ ವಿಭವವನ್ನು ಮೈನಸ್ 0.3ರಿಂದ ಮೈನಸ್ 1.3 ವೋಲ್ಟ್‌ವರೆಗೆ ಇಳಿಸಿ. ಒಂದೊಂದು ಎಲೆಕ್ಟ್ರಾನ್ ಪಡೆದು ಒಂದೊಂದು ಥಯೋಲೇಟ್ ಚಿನ್ನವನ್ನು ಬಿಡುತ್ತದೆ. ಉದ್ದ ಸರಪಳಿಯ ಪೀಕ್ ಮೈನಸ್ 1 ವೋಲ್ಟ್ ದಾಟಿ ಬರುತ್ತದೆ, ಚಿಕ್ಕದ್ದು ಅದಕ್ಕೂ ಮೊದಲೇ. ಮೊದಲ ಸುತ್ತಿನ ಪೀಕ್ ಮಾತ್ರ ಲೆಕ್ಕಕ್ಕೆ. ಎರಡನೆಯದರಲ್ಲಿ ಬಿಟ್ಟುಹೋದ ಅಣುಗಳು ಮರಳಿ ಕೂತಿರುತ್ತವೆ.

ಉದಾಹರಣೆಗೆ, ಎಲೆಕ್ಟ್ರೋಡ್‌ನ ನಿಜ ವಿಸ್ತೀರ್ಣ 0.20 ಚದರ ಸೆಂಟಿಮೀಟರ್, ಪೀಕ್ ಕೆಳಗಿನ ವಿದ್ಯುದಂಶ 12.4 ಮೈಕ್ರೋಕೂಲಂಬ್ ಎನ್ನಿ. ಚದರ ಸೆಂಟಿಮೀಟರಿಗೆ 62 ಆಯಿತು. ಒಂದು ಮೋಲ್ ಎಲೆಕ್ಟ್ರಾನ್‌ಗಳ ವಿದ್ಯುದಂಶವಾದ 96,485 ಕೂಲಂಬ್‌ನಿಂದ ಭಾಗಿಸಿದರೆ 0.64 ನ್ಯಾನೋಮೋಲ್, ತುಂಬಿದ ಪದರದ 0.76ಕ್ಕೆ ಹೋಲಿಸಿದರೆ ಸುಮಾರು 84 ಶೇಕಡ. ಸಲ್ಫೋನೇಟ್ ಆದ ಅಣುಗಳು ಈ ಪೀಕ್‌ನಲ್ಲಿ ಬರುವುದಿಲ್ಲವಾದ್ದರಿಂದ ಕೊರತೆಯೇ ಉತ್ಕರ್ಷಣದ ಸುಳಿವು. ಆದರೆ ಎಲೆಕ್ಟ್ರೋಡ್ ಮೇಲ್ಮೈ ವಿದ್ಯುದಂಶ ತುಂಬಿಕೊಳ್ಳುವ ಪಾಲೂ ಇದರೊಳಗೆ ಸೇರಿರುತ್ತದೆ; ತುಂಬಿದ ಪದರಕ್ಕೆ ಸಿದ್ಧಾಂತ ಹೇಳುವ 73 ಮೈಕ್ರೋಕೂಲಂಬ್‌ಗಿಂತ ಹೆಚ್ಚು ಬಂದರೆ ಗಾಬರಿಯಾಗಬೇಡಿ. ಅದಕ್ಕೇ ಅದೇ ದಿನ, ಅದೇ ಚಿನ್ನದ ಮೇಲೆ ಕಟ್ಟಿದ ತಾಜಾ ಪದರವನ್ನು ಜೊತೆಗೆ ಅಳೆದು ಅದಕ್ಕೆ ಹೋಲಿಸುವುದು ಹೆಚ್ಚು ನಂಬಿಗಸ್ತ.

ಸ್ಯಾಂಪಲನ್ನು ಕಳೆದುಕೊಳ್ಳದೆ ನೋಡಬೇಕೆಂದರೆ ಫೆರಿಸೈನೈಡ್ (ಬರೀ ಚಿನ್ನದಿಂದ ಸುಲಭವಾಗಿ ಎಲೆಕ್ಟ್ರಾನ್ ಪಡೆಯುವ ಲವಣ) ಪರೀಕ್ಷೆ ಮಾಡಿ: ಒಳ್ಳೆಯ ಉದ್ದ ಸರಪಳಿಯ ಪದರ ಅದರ ಪ್ರವಾಹವನ್ನು ಬಹುತೇಕ ಮುಚ್ಚಿಹಾಕುತ್ತದೆ. ಧಾರಣಶಕ್ತಿಯೂ ಚದರ ಸೆಂಟಿಮೀಟರಿಗೆ 1 ಮೈಕ್ರೋಫ್ಯಾರಡ್ ಆಸುಪಾಸಿಗೆ ಇಳಿದಿರುತ್ತದೆ. ಬರೀ ಚಿನ್ನದ್ದು ಅದರ ಹತ್ತಾರು ಪಟ್ಟು.

ಹೆಜ್ಜೆ 7: ವಯಸ್ಸಾಗಿಸುವ ಪ್ರಯೋಗ

ನಿಮ್ಮ ಕೋಣೆಯಲ್ಲಿ ಪದರ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಬೇರೆಯವರ ಪ್ರಬಂಧ ಹೇಳಲಾರದು, ಏಕೆಂದರೆ ಅವರ ಗಾಳಿ ಬೇರೆ. ಒಂದೇ ವೇಫರಿನಿಂದ ಹನ್ನೆರಡು ತುಣುಕು ಮಾಡಿ, ಒಂದೇ ಬಾಟಲಿಯಲ್ಲಿ ಪದರ ಕಟ್ಟಿ. ನಾಲ್ಕು ಆರ್ಗಾನ್ ಸೀಸೆಗೆ, ನಾಲ್ಕು ಮೇಜಿನ ಮೇಲೆ ಬೆಳಕಿಗೆ, ನಾಲ್ಕು ಅದೇ ಮೇಜಿನ ಮೇಲೆ ಗಾಳಿಯಾಡುವ ಕತ್ತಲೆಯ ಮುಸುಕಿನಡಿಗೆ. 0, 1, 3, 7ನೇ ದಿನ ಒಂದೊಂದನ್ನು ಅಳೆಯಿರಿ. ಬೆಳಕಿನ ಗುಂಪೂ ಕತ್ತಲೆಯ ಗುಂಪೂ ಒಟ್ಟಿಗೆ ಕೆಟ್ಟು ಆರ್ಗಾನ್ ಗುಂಪು ಉಳಿದರೆ ಅಪರಾಧಿ ಗಾಳಿ. ಬೆಳಕಿನದ್ದು ಮಾತ್ರ ಮುಂದೆ ಓಡಿದರೆ ದೀಪದ ಕಡೆ ನೋಡಿ.

ಪದರ ದ್ರವದಲ್ಲಿ ಕೆಲಸ ಮಾಡಬೇಕಾದರೆ ಪ್ರಯೋಗವನ್ನೂ ಆ ದ್ರವದಲ್ಲೇ ಮಾಡಿ. 37 ಡಿಗ್ರಿಯ ಬಫರಿನಲ್ಲಿ ಪದರಗಳು ಕೆಲವು ವಾರಗಳಲ್ಲಿ ಕ್ಷೀಣಿಸುತ್ತವೆ. ದೇಹದೊಳಗೆ ತಿಂಗಳುಗಟ್ಟಲೆ ಇರಬೇಕಾದ ಸಾಧನಕ್ಕೆ ಸಾದಾ ಥಯೋಲನ್ನು ನಂಬುವುದು ನನಗೆ ಸರಿ ಕಾಣುವುದಿಲ್ಲ. ಎರಡು ಗಂಧಕಗಳಿಂದ ಹಿಡಿಯುವ ಲಿಪೋಯಿಕ್ ಆಮ್ಲದಂಥವು ಜಾಗ ಬಿಟ್ಟು ಏಳುವುದನ್ನು ನಿಧಾನಿಸುತ್ತವೆ, ಉತ್ಕರ್ಷಣವನ್ನು ಪೂರ್ತಿ ತಡೆಯುವುದಿಲ್ಲ. 2014ರಲ್ಲಿ ಕೆನಡಾದ ಕ್ಯಾಥ್ಲೀನ್ ಕ್ರಡೆನ್ ತಂಡ ಗಂಧಕವನ್ನೇ ಬಿಟ್ಟು ಎನ್–ಹೆಟೆರೋಸೈಕ್ಲಿಕ್ ಕಾರ್ಬೀನ್‌ಗಳಿಂದ (ಇಂಗಾಲದ ಮೂಲಕ ಚಿನ್ನವನ್ನು ಹಿಡಿಯುವ ಉಂಗುರಾಕಾರದ ಅಣುಗಳಿಂದ) ಚಿನ್ನದ ಮೇಲೆ ಪದರ ಕಟ್ಟಿತು. ಅವು ಕುದಿಯುವ ನೀರನ್ನೂ ಶೇಕಡ 1ರ ಹೈಡ್ರೋಜನ್ ಪೆರಾಕ್ಸೈಡನ್ನೂ ತಾಳಿಕೊಂಡವು. ದೀರ್ಘ ಬಾಳಿಕೆ ಬೇಕಾದವರು ಆ ದಾರಿ ನೋಡಬಹುದು.

ಕೆಟ್ಟ ತುಣುಕನ್ನು ಮತ್ತೆ ಬಳಸಲು

ಅರೆಬರೆ ಕೆಟ್ಟ ಪದರವನ್ನು ತೊಳೆದು, ತೂತುಗಳನ್ನು ಹೊಸ ಥಯೋಲಿನಿಂದ ತುಂಬಿಸಿದರೆ ಸ್ಪರ್ಶಕೋನ ಮತ್ತೆ ಏರುತ್ತದೆ. ಬೇರೆ ಥಯೋಲ್ ಹಾಕಿ ಚಿತ್ರ ಮೂಡಿಸುವ ಅತಿನೇರಳೆ ಮುದ್ರಣ ನಿಂತಿರುವುದೇ ಈ ಗುಣದ ಮೇಲೆ. ಸ್ಥಿರತೆಯ ಅಳತೆಗೆ ಮಾತ್ರ ಹೀಗೆ ತೇಪೆ ಹಾಕಿದ ತುಣುಕನ್ನು ಬಳಸಬೇಡಿ. ಹಳೆಯದೂ ಹೊಸದೂ ಬೆರೆತ ಪದರಕ್ಕೆ ವಯಸ್ಸು ಹೇಳಲಾಗುವುದಿಲ್ಲ. ಅತಿನೇರಳೆ–ಓಝೋನ್ ಯಂತ್ರದಲ್ಲಿ 20 ನಿಮಿಷ ಇಟ್ಟು ಪೂರ್ತಿ ಉತ್ಕರ್ಷಿಸಿ, ನೀರಿನಲ್ಲಿ ತೊಳೆದು, ಎಥನಾಲ್‌ನಲ್ಲಿ ಬಿಟ್ಟು ಮೊದಲ ಹೆಜ್ಜೆಯಿಂದ ಶುರು ಮಾಡಿ. ತೊಳೆದ ಕೂಡಲೇ ಹಾಕಿದ ನೀರ ಹನಿ ಚಪ್ಪಟೆಯಾಗಿ ಹರಡಿದರೆ ಚಿನ್ನ ಸಿದ್ಧ. ದುಂಡಗೆ ನಿಂತರೆ ಇನ್ನೂ ಹತ್ತು ನಿಮಿಷ ಯಂತ್ರದಲ್ಲಿಡಿ.